ಹಲ್ಲಿನ ನಡುವೆ ಹಿಡಿದ ಸ್ವರ

ಬೆಳಿಗ್ಗೆ ಎಂಟೂವರೆಗೆ, ಬಾಯಿ ಮುಕ್ಕಳಿಸುತ್ತಿದ್ದಾಗ, ಪಿಯಾನೊ ಶ್ರುತಿಗಾರನ ಎಡಗಿವಿ ಮುಚ್ಚಿಕೊಂಡಿತು. ನೋವಿಲ್ಲ, ಸೋರಿಕೆಯಿಲ್ಲ. ನೀರಿನಲ್ಲಿ ಮುಳುಗಿ ಎದ್ದ ಮೇಲೆ ಕಿವಿಯೊಳಗೆ ಒಂದು ಭಾರ ಉಳಿಯುತ್ತದಲ್ಲ, ಅಂಥದ್ದು. ತಲೆ ವಾಲಿಸಿ ಒಂಟಿಕಾಲಲ್ಲಿ ಕುಪ್ಪಳಿಸಿದ. ಮೂಗು ಹಿಡಿದು ಗಾಳಿ ಒತ್ತಿದ. ಕಿರುಬೆರಳು ಹಾಕಿ ಅಲ್ಲಾಡಿಸಿದ. ಏನೂ ಆಗಲಿಲ್ಲ. ತಾನಾಗಿ ಬಿಟ್ಟುಕೊಳ್ಳುತ್ತದೆ ಎಂದುಕೊಂಡು ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೋದ.

ಬಿಟ್ಟುಕೊಳ್ಳಲಿಲ್ಲ. ಬೇರೆ ಕೆಲಸದವನಾಗಿದ್ದರೆ ಇನ್ನೂ ಸ್ವಲ್ಪ ದಿನ ತಳ್ಳಬಹುದಿತ್ತು. ಆದರೆ ಇವನ ಅನ್ನವೇ ಕಿವಿಯಲ್ಲಿತ್ತು. ಊರಿನ ಸಭಾಂಗಣದ ದೊಡ್ಡ ಪಿಯಾನೊ, ಸಂಗೀತ ಶಾಲೆಯ ಸವೆದ ಪಿಯಾನೊಗಳು, ಮನೆಗಳಲ್ಲಿ ಯಾರೂ ನುಡಿಸದೆ ಮಕ್ಕಳ ಫೋಟೊ ಹೊತ್ತು ನಿಂತ ಪಿಯಾನೊಗಳು, ಎಲ್ಲವೂ ಇವನ ಕೈಯಲ್ಲೇ ಶ್ರುತಿಗೆ ಬರುತ್ತಿದ್ದವು. ಒಂದು ಸ್ವರಕ್ಕೆ ಎರಡು ಮೂರು ತಂತಿ. ಅವುಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ನಾದ ಅಲೆಯಂತೆ ಏರಿ ಇಳಿಯುತ್ತದೆ. ಆ ಅಲೆಯನ್ನು ಕೇಳುತ್ತಾ, ತಂತಿಯ ಗೂಟವನ್ನು ಸನ್ನೆಕೋಲಿನಿಂದ ತಿರುಗಿಸುತ್ತಾ, ಅಲೆ ಅಡಗುವಲ್ಲಿ ನಿಲ್ಲಿಸುವುದೇ ಅವನ ವಿದ್ಯೆ. ಈಗ ಆ ಅಲೆ ಕಂಬಳಿಯ ಆಚೆಯಿಂದ ಬಂದಂತೆ ಕೇಳಿಸುತ್ತಿತ್ತು.

ಯಾರಿಗೂ ಬಾಯಿ ಬಿಡಲಿಲ್ಲ. ಸಭಾಂಗಣದ ಒಂದು ಸಂಗೀತ ಕಛೇರಿಗೆ ಹಾಗೆಯೇ ಶ್ರುತಿ ಮಾಡಿ ಬಂದ. ಮರುದಿನ ಅಲ್ಲಿನ ಮ್ಯಾನೇಜರ್ ಫೋನ್ ಮಾಡಿದರು. ಸಭ್ಯ ಮನುಷ್ಯ, ಮಾತನ್ನು ಹತ್ತಿಯಲ್ಲಿ ಸುತ್ತಿ ಕೊಡುವವರು.

"ಮೇಲಿನ ಸ್ವರಗಳು ಸ್ವಲ್ಪ ಹೆಚ್ಚುಕಡಿಮೆ ಇದ್ವು ಅಂತ ನುಡಿಸಿದವರು ಅಂದ್ರು. ನನಗೇನೂ ಗೊತ್ತಾಗಲಿಲ್ಲ ಬಿಡಿ. ಮುಂದಿನ ತಿಂಗಳಿನದಕ್ಕೂ ನೀವೇ ಬರ್ತೀರಲ್ಲ?"

"ಬರ್ತೀನಿ," ಎಂದ. ನೀವೇ ಬರ್ತೀರಲ್ಲ ಎಂದು ಆ ಮನುಷ್ಯ ಹಿಂದೆಂದೂ ಕೇಳಿರಲಿಲ್ಲ. ಇನ್ನೊಂದು ಸಲ ಹೀಗಾದರೆ ಕೇಳುವುದೂ ಇಲ್ಲ ಎಂಬುದು ಶ್ರುತಿಗಾರನಿಗೆ ಸ್ಪಷ್ಟವಾಗಿತ್ತು.

ಅದೇ ಸಂಜೆ ಹೆಂಡತಿ ಊಟದ ತಟ್ಟೆ ಅವನ ಮುಂದೆ ಕುಕ್ಕಿದಳು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಕಣ್ಣು ನೋಡುವ ಅವಳಿಗೆ ಗಂಡನ ಕಿವಿ ಗಮನಕ್ಕೆ ಬರದೇ ಇರುತ್ತದೆಯೇ?

"ರೀ, ಮೂರು ಸಲ ಕರೆದೆ. ನಾಳೆ ಕಿವಿ ಡಾಕ್ಟರ ಹತ್ರ ಹೋಗ್ತೀರೋ, ನಾನೇ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ಲೋ?"

"ಹೋಗ್ತೀನಿ ಮಾರಾಯ್ತಿ."

ಕಿವಿ ಡಾಕ್ಟರು ದೀಪ ಬಿಟ್ಟು ನೋಡಿದರು, ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ ಸಣ್ಣ ಸಣ್ಣ ಸದ್ದು ಕೇಳಿಸಿದರು, ಕಿವಿತಮಟೆಯ ಒತ್ತಡ ಅಳೆದರು. ಎಲ್ಲ ಸರಿಯಾಗಿತ್ತು. ಇದರಿಂದ ಶ್ರುತಿಗಾರನಿಗೆ ಸಮಾಧಾನವಾಗುವ ಬದಲು ಗಾಬರಿಯಾಯಿತು. ಕಾಯಿಲೆಯೇ ಇಲ್ಲದ ಮೇಲೆ ಗುಣವಾಗುವುದು ಯಾವುದು?

ಡಾಕ್ಟರು ತಮ್ಮ ಬೆರಳನ್ನು ಅವನ ಕಿವಿಯ ಮುಂದೆ, ಕೆನ್ನೆಯ ಮೂಳೆಯ ಕೆಳಗೆ ಇಟ್ಟರು. "ನಿಧಾನವಾಗಿ ಬಾಯಿ ತೆಗೀರಿ."

ಒಳಗೆ ಟಕ್ ಎಂದಿತು. ಇಬ್ಬರಿಗೂ ಕೇಳಿಸಿತು.

"ದವಡೆಯ ಕೀಲು ಕಿವಿಗೆ ಅಂಟಿಕೊಂಡ ಹಾಗೇ ಇದೆ. ಅದು ಬಿಗಿಯಾದ್ರೆ, ಕತ್ತಿನ ಸ್ನಾಯು ಬಿಗಿಯಾದ್ರೆ, ಕೆಲವರಿಗೆ ಕಿವಿ ಕಟ್ಟಿದ ಹಾಗಾಗುತ್ತೆ. ಯಾಕೆ ಅಂತ ಪೂರ್ತಿ ಖಚಿತವಾಗಿ ಯಾರೂ ಹೇಳಲ್ಲ. ಆದ್ರೆ ಆಗುತ್ತೆ." ಹೀಗೆಂದು ಫಿಸಿಯೋಥೆರಪಿಸ್ಟ್ ಒಬ್ಬಳ ಬಳಿಗೆ ಕಳಿಸಿದರು.

ಅವಳು ಕಡಿಮೆ ಮಾತಿನ ಹೆಣ್ಣುಮಗಳು. ಅವನ ಕತ್ತು ಎಡಕ್ಕೆ ಎಷ್ಟು ತಿರುಗುತ್ತದೆ, ಬಲಕ್ಕೆ ಎಷ್ಟು, ಬಾಯಿ ಎಷ್ಟು ತೆರೆಯುತ್ತದೆ ಎಂದು ಅಳೆದಳು. ಕೆನ್ನೆಯ ಸ್ನಾಯು ಒತ್ತಿದಾಗ ಅವನ ಕಣ್ಣಲ್ಲಿ ನೀರಾಡಿತು. ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಾ, ಫೋನನ್ನು ಹೆಗಲಿಗೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಳ್ಳುತ್ತೀರಾ, ಗಟ್ಟಿ ಪದಾರ್ಥ ಅಗಿಯುತ್ತೀರಾ ಎಂದು ವಿಚಾರಿಸಿದಳು. ಎಲ್ಲಕ್ಕೂ ಇಲ್ಲ ಎಂದ.

"ಬಾಯಲ್ಲಿ ಏನಾದ್ರೂ ಕಚ್ಕೊಳ್ಳೋ ಅಭ್ಯಾಸ? ಪೆನ್ನು, ಪೆನ್ಸಿಲ್ಲು?"

"ಬೀಡಿ ಸಿಗರೇಟೂ ಇಲ್ಲ ಮೇಡಂ," ಎಂದ, ತುಸು ಹೆಮ್ಮೆಯಿಂದಲೇ.

ಅವಳು ನಾಲ್ಕು ಮಾತು ಹೇಳಿ ಕಳಿಸಿದಳು. ತುಟಿ ಮುಚ್ಚಿರಲಿ, ಹಲ್ಲಿಗೆ ಹಲ್ಲು ತಾಗದಿರಲಿ, ನಾಲಿಗೆಯ ತುದಿ ಮೇಲ್ದವಡೆಯ ಹಲ್ಲಿನ ಹಿಂದೆ ಹಗುರಾಗಿ ಇರಲಿ. ಮೆತ್ತಗಿನ ಊಟ, ಸಣ್ಣ ತುತ್ತು. ಕೆನ್ನೆಗೆ ಬಿಸಿ ಬಟ್ಟೆ. ಗಲ್ಲವನ್ನು ಹಿಂದಕ್ಕೆಳೆದು ಕತ್ತು ನೇರ ಮಾಡುವ ಒಂದು ವ್ಯಾಯಾಮ.

ಶ್ರುತಿಗಾರ ಅಕ್ಷರಶಃ ಪಾಲಿಸಿದ. ಗಂಜಿ ಕುಡಿದ. ಆಕಳಿಕೆ ಬಂದರೆ ಗಲ್ಲಕ್ಕೆ ಕೈ ಆನಿಸಿದ. "ಹಲ್ಲು ಬಾರದ ಕೂಸನ್ನ ಸಾಕಿದ ಹಾಗಾಯ್ತು," ಎಂದು ಹೆಂಡತಿ ಬಟಾಟೆ ಹಿಸುಕುತ್ತಾ ಗೊಣಗಿದಳು.

ಭಾನುವಾರದ ಊಟಕ್ಕೆ ಅವಳ ತಮ್ಮ ಬಂದಿದ್ದ. ಅವನೂ ಪಿಯಾನೊ ಕೆಲಸದವನೇ, ಆದರೆ ಫೋನಿನ ಪರದೆಯಲ್ಲಿ ಸ್ವರ ಅಳೆಯುವ ಮುಳ್ಳು ನೋಡಿ ಶ್ರುತಿ ಮಾಡುವವನು. ಶ್ರುತಿಗಾರ ಆ ಫೋನನ್ನು ಡಬ್ಬಿ ಎಂದೇ ಕರೆಯುತ್ತಿದ್ದ. ತಲೆ ನರೆತರೂ ಭಾವಮೈದನಿಗೆ ಮನೆಯಲ್ಲಿ ಪುಟ್ಟ ಎಂಬ ಹೆಸರು ತಪ್ಪಿರಲಿಲ್ಲ.

"ಕಿವಿ ಹೇಗಿದೆ ಭಾವ?" ಎಂದ ಪುಟ್ಟ. "ನನ್ನದನ್ನ ಈಗಷ್ಟೇ ಚಾರ್ಜಿಗೆ ಹಾಕ್ದೆ."

"ಅದು ಕಿವಿಯಲ್ಲ, ಡಬ್ಬಿ. ಬ್ಯಾಟರಿ ಹೋದ್ರೆ ನೀನು ಯಾರು?"

"ಬ್ಯಾಟರಿ ಇಲ್ಲದ ನಿಮ್ಮ ಪಾಡು ನೋಡ್ತಾ ಇದ್ದೀನಲ್ಲ."

ಅಕ್ಕ ತಮ್ಮನ ತಟ್ಟೆಗೆ ಬೇಡವೆಂದರೂ ಇನ್ನೊಂದು ಸೌಟು ಬಡಿಸಿ ಅವನ ಬಾಯಿ ಮುಚ್ಚಿಸಿದಳು. ಶ್ರುತಿಗಾರ ನಕ್ಕ. ಆ ದಿನ ಕಿವಿ ಹಗುರಾಗಿತ್ತು, ನಗಲು ಅಡ್ಡಿಯಿರಲಿಲ್ಲ. ಸೋಮವಾರ ಮಧ್ಯಾಹ್ನಕ್ಕೆ ಮತ್ತೆ ಮುಚ್ಚಿಕೊಂಡಿತು. ಮುಂದಿನ ವಾರವೂ ಅದೇ ಕತೆ.

ಅದನ್ನು ಕೇಳಿದ ಫಿಸಿಯೋಥೆರಪಿಸ್ಟ್ ಬರೆಯುವುದನ್ನು ನಿಲ್ಲಿಸಿದಳು. "ರಜೆ ದಿನ ಬಿಡುತ್ತೆ, ಕೆಲಸದ ದಿನ ಹಿಡಿಯುತ್ತೆ. ನೀವು ಕೆಲಸ ಹೇಗೆ ಮಾಡ್ತೀರಿ? ಈ ಮೇಜೇ ಪಿಯಾನೊ ಅಂದ್ಕೊಳ್ಳಿ. ಮಾಡಿ ತೋರಿಸಿ."

ಅವನಿಗೆ ಸಂಕೋಚವಾಯಿತು. ಆದರೂ ಕುರ್ಚಿ ಎಳೆದುಕೊಂಡ. ಎಡಗೈ ಮೇಜಿನ ಮೇಲೆ, ಇಲ್ಲದ ಪಿಯಾನೊದ ಸ್ವರಮಣೆಗಳ ಮೇಲೆ ಬಂತು. ಬಲಗೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು, ಟ್ಯೂನಿಂಗ್ ಫೋರ್ಕನ್ನು ಹೊರತೆಗೆಯಿತು. ಎರಡು ಕವಲಿನ ಆ ಉಕ್ಕಿನ ಕಡ್ಡಿಯನ್ನು ಮೊಣಕಾಲಿಗೆ ಬಡಿದ, ಅದರ ಹಿಡಿಯನ್ನು ಎಡಬದಿಯ ದವಡೆಹಲ್ಲಿಗೆ ಸಿಕ್ಕಿಸಿ ಕಚ್ಚಿದ, ಬಲಗೈಯಿಂದ ಗಾಳಿಯಲ್ಲಿ ಗೂಟ ತಿರುಗಿಸತೊಡಗಿದ. ತಲೆ ಎಡಕ್ಕೆ ವಾಲಿತು, ಗಲ್ಲ ಮುಂದೆ ಚಾಚಿತು.

"ಹಾಗೇ ಇರಿ," ಎಂದಳು ಅವಳು. "ಬಾಯಲ್ಲಿರೋದು ಏನು?"

ಫೋರ್ಕು ತೆಗೆದು ಹೇಳಿದ. "ಇದು ಮೂಲಸ್ವರ. ಕಚ್ಚಿದ್ರೆ ಮೂಳೆ ಮೂಲಕ ತಲೆಯೊಳಗೇ ಕೇಳುತ್ತೆ. ಎರಡೂ ಕೈ ಖಾಲಿ ಇರುತ್ತೆ."

"ನಾನು ಕೇಳಿದಾಗ ಬಾಯಲ್ಲಿ ಏನೂ ಕಚ್ಕೊಳ್ಳಲ್ಲ ಅಂದ್ರಿ."

"ಇದು ಕಚ್ಕೊಳ್ಳೋದಲ್ಲ ಮೇಡಂ. ಕೇಳೋದು."

"ದವಡೆಗೆ ಅದು ಗೊತ್ತಿಲ್ಲ."

ಅವನು ಸುಳ್ಳು ಹೇಳಿರಲಿಲ್ಲ. ಗುರುಗಳು ಕಲಿಸಿದ್ದು ಹಾಗೆ, ಅವರ ಗುರುಗಳು ಮಾಡುತ್ತಿದ್ದುದೂ ಹಾಗೆ. ಉಸಿರಾಡುವುದನ್ನು ಯಾರಾದರೂ ಅಭ್ಯಾಸ ಎಂದು ಹೇಳುತ್ತಾರೆಯೇ? ದಿನಕ್ಕೆ ಎಷ್ಟು ಸಲ ಎಂದು ಅವಳು ಕೇಳಿದಾಗ ಮಾತ್ರ ಅವನ ಮುಖ ಸಪ್ಪಗಾಯಿತು. ಮೊದಲೆಲ್ಲ ಒಂದು ಪಿಯಾನೊಗೆ ಶುರುವಿನಲ್ಲೊಮ್ಮೆ ಕಚ್ಚಿದರೆ ಸಾಕಾಗುತ್ತಿತ್ತು. ಕಿವಿ ಮಂಕಾದ ಮೇಲೆ ನಂಬಿಕೆ ಹೋಗಿ, ಗಳಿಗೆಗೊಮ್ಮೆ ಕಚ್ಚಿ ನೋಡುತ್ತಿದ್ದ. ನಡುವೆ ತೆಗೆದಿಡುವ ಗೋಜೂ ಇರಲಿಲ್ಲ, ಅದು ಬಾಯಲ್ಲೇ ಇರುತ್ತಿತ್ತು. ಕಿವಿ ಮುಚ್ಚಿದಷ್ಟೂ ಕಚ್ಚಿದ್ದ, ಕಚ್ಚಿದಷ್ಟೂ ಕಿವಿ ಮುಚ್ಚಿತ್ತು.

"ಇದಿಲ್ಲದೆ ಆಗಲ್ವಾ? ಫೋನಲ್ಲಿ ಏನೋ ಬರುತ್ತಂತಲ್ಲ," ಎಂದಳು.

"ಬರುತ್ತೆ," ಎಂದ. ಕಳ್ಳತನದ ಬಗ್ಗೆ ಹೇಳುವವನ ಧ್ವನಿ ಅದಾಗಿತ್ತು.

ಫೋರ್ಕನ್ನು ಪಿಯಾನೊದ ಮರಕ್ಕೆ ಒತ್ತಿಯೂ ಕೇಳಬಹುದು. ಆದರೆ ಒಂದು ಕೈ ಮಣೆಗೆ, ಒಂದು ಸನ್ನೆಕೋಲಿಗೆ. ಮೂರನೆಯ ಕೈ ಎಲ್ಲಿಂದ ತರುವುದು? ಎರಡು ದಿನ ಇದೇ ಯೋಚನೆ ಮಾಡಿದ. ಸಭಾಂಗಣದ ಆ ತಿಂಗಳ ಕಾರ್ಯಕ್ರಮ ಶನಿವಾರವಿತ್ತು. ಗುರುವಾರ ಸಂಜೆ ಭಾವಮೈದನಿಗೆ ಫೋನ್ ಮಾಡಿದ.

"ಪುಟ್ಟ, ಶನಿವಾರ ಬೆಳಿಗ್ಗೆ ಬಿಡುವಿದೆಯಾ?"

"ಡಬ್ಬಿ ತರ್ಲಾ ಭಾವ?"

"ಡಬ್ಬಿ ಬೇಡ. ನೀನು ಬಾ."

ಆ ಕಡೆಯಿಂದ "ಎಷ್ಟೊತ್ತಿಗೆ?" ಎಂದಷ್ಟೇ ಬಂತು.

ಖಾಲಿ ಸಭಾಂಗಣದಲ್ಲಿ ನೆಲ ಒರೆಸುವವಳು ಕೊನೆಯ ಸಾಲು ಮುಗಿಸಿ ಹೋದ ಮೇಲೆ ಕೆಲಸ ಶುರುವಾಯಿತು. ಪುಟ್ಟ ಫೋರ್ಕನ್ನು ಮೊಣಕಾಲಿಗೆ ಬಡಿದು ಮರಕ್ಕೆ ಒತ್ತುತ್ತಿದ್ದ. ಶ್ರುತಿಗಾರ ತುಟಿ ಮುಚ್ಚಿ, ಹಲ್ಲು ಬಿಡಿಸಿ, ನಾಲಿಗೆ ಮೇಲಿಟ್ಟು ಕುಳಿತ. ಬಾಯಿ ಖಾಲಿಯಾಗಿರುವುದು ಬೇರೆಯವರ ಮನೆಯಲ್ಲಿ ಕುಳಿತಂತಿತ್ತು. ತಲೆ ಮತ್ತೆ ಮತ್ತೆ ಎಡಕ್ಕೆ ವಾಲುತ್ತಿತ್ತು.

"ಭಾವ, ಕತ್ತು."

"ಗೊತ್ತು."

"ಗೊತ್ತಿದ್ರೆ ಎತ್ತಿ. ಅಕ್ಕ ನೋಡ್ಕೊ ಅಂದಿದ್ದಾಳೆ, ಆಮೇಲೆ ನನ್ನನ್ನ ಸುಮ್ನೆ ಬಿಡಲ್ಲ."

ನಡುವಿನ ಸ್ವರಗಳು ಸರಾಗವಾಗಿ ಬಂದವು. ಬಲಗಿವಿಯನ್ನು ತಂತಿಗಳ ಕಡೆಗೆ ಸ್ವಲ್ಪ ತಿರುಗಿಸಿ ಕುಳಿತರೆ ಅಲೆ ಕೇಳಿಸುತ್ತಿತ್ತು. ಮೇಲಿನ ಸ್ವರಗಳಿಗೆ ಬಂದಾಗ ಕಷ್ಟವಾಯಿತು. ಅಲ್ಲಿನ ತಂತಿಗಳು ಗೇಣುದ್ದವೂ ಇಲ್ಲ, ನಾದ ಹುಟ್ಟಿದ ಕೂಡಲೇ ಸಾಯುತ್ತದೆ. ಮಣೆ ಒತ್ತಿದ, ಗೂಟವನ್ನು ತುಸು ತಿರುಗಿಸಿದ, ಮತ್ತೆ ಒತ್ತಿದ. ನಿಂತಿತೇ, ಇನ್ನೂ ಅಲೆಯಿದೆಯೇ, ಗೊತ್ತಾಗಲಿಲ್ಲ. ಫೋರ್ಕು ಅಲ್ಲೇ ಇತ್ತು, ಕೈ ಚಾಚಿದರೆ ಸಿಗುತ್ತಿತ್ತು. ಆದರೆ ಅವನು ಕೈ ಚಾಚಲಿಲ್ಲ.

"ಪುಟ್ಟ," ಎಂದ. "ಇಲ್ಲಿ ಅಲೆ ಇದೆಯಾ ನೋಡು."

"ಡಬ್ಬಿ ಕಾರಲ್ಲಿದೆ, ತರ್ಲಾ?"

"ಬೇಡ. ಕೇಳು."

ಪುಟ್ಟನಿಗೆ ಇದು ತಮಾಷೆಯೋ ನಿಜವೋ ತಿಳಿಯಲಿಲ್ಲ. ಭಾವನ ಮುಖ ನೋಡಿದ, ಆಮೇಲೆ ಬಗ್ಗಿದ. ಶ್ರುತಿಗಾರ ಮಣೆ ಒತ್ತಿದ.

"ಇದೆ," ಎಂದ ಪುಟ್ಟ. "ಒಂಚೂರು. ಇನ್ನೊಂದು ಸಲ ಒತ್ತಿ. ಹ್ಞಾಂ, ಮೇಲಕ್ಕೆ. ಇನ್ನೂ. ಸಾಕು, ಸಾಕು. ಜಾಸ್ತಿಯಾಯ್ತು, ಅರ್ಧ ಇಳಿಸಿ. ಈಗ ನಿಂತಿತು."

ಶ್ರುತಿಗಾರ ಬಲಗಿವಿ ತಿರುಗಿಸಿ ಪರೀಕ್ಷಿಸಿದ. ನಿಂತಿತ್ತು.

"ಇಷ್ಟು ವರ್ಷ ಆ ಡಬ್ಬಿ ಯಾಕೆ ನೋಡ್ತಿದ್ದೆ?" ಎಂದ.

"ನೀವು ಯಾವತ್ತಾದ್ರೂ ನನ್ನನ್ನ ಕೇಳಿದ್ರಾ?" ಎಂದ ಪುಟ್ಟ.

ಶ್ರುತಿಗಾರ ಮುಂದಿನ ಮಣೆ ಒತ್ತಿದ. ಇಬ್ಬರೂ ಹಾಗೆಯೇ ಕೊನೆಯ ಸ್ವರದವರೆಗೆ ಹೋದರು. ಮಾಮೂಲಿಗಿಂತ ಹೆಚ್ಚು ಹೊತ್ತು ಹಿಡಿಯಿತು. ನಡುವೆ ಮ್ಯಾನೇಜರ್ ಬಾಗಿಲಿನಲ್ಲಿ ಇಣುಕಿ, ಇಬ್ಬರ ಬೆನ್ನು ನೋಡಿ, ಸದ್ದು ಮಾಡದೆ ಹೋದರು.

ಸಂಜೆ ಇಬ್ಬರೂ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದರು. ನುಡಿಸಿದಾಕೆ ಮೇಲಿನ ಸ್ವರಗಳನ್ನು ಧಾರಾಳವಾಗಿ ಬಳಸಿದಳು. ಕಾರ್ಯಕ್ರಮ ಮುಗಿದು ಜನ ಎದ್ದಾಗ ಪುಟ್ಟ ಭಾವನ ಕಡೆ ನೋಡಿದ. ಶ್ರುತಿಗಾರ ಸರಿಯಿದೆ ಎಂಬಂತೆ ತಲೆಯಾಡಿಸಿದ, ಕತ್ತು ನೇರವಿಟ್ಟುಕೊಂಡೇ.

ಸೋಮವಾರ ಹನ್ನೊಂದಕ್ಕೆ ಮ್ಯಾನೇಜರ್ ಫೋನ್ ಮಾಡಿ ಮುಂದಿನ ಕಾರ್ಯಕ್ರಮದ ತಾರೀಖು ಹೇಳಿದರು, ನೀವೇ ಬರ್ತೀರಲ್ಲ ಎಂದು ಈ ಸಲ ಕೇಳಲಿಲ್ಲ. ಆಗಲೂ ಶ್ರುತಿಗಾರನ ಕಿವಿ ಪೂರ್ತಿ ಬಿಟ್ಟಿರಲಿಲ್ಲ. ಬಿಡಲು ಇನ್ನೆರಡು ತಿಂಗಳು ಬೇಕಾಯಿತು.