ಲೇಸು ಕಟ್ಟಿದ್ದೋ, ಲೇಸು ಬೇಡಿದ್ದೋ

ಪಾಪ್‌ಕಾರ್ನಿನ ಬೆಣ್ಣೆ ವಾಸನೆ ಇನ್ನೂ ಗ್ಯಾಲರಿ ಬಿಟ್ಟು ಹೋಗಿಲ್ಲ, ಜನ ಹೋಗಿಯಾಯಿತು, ಫುಟ್‌ಬಾಲಿನಲ್ಲಿ ನಮ್ಮ ಹುಡುಗರು ಸೋತದ್ದು ಆರಕ್ಕೆ ಇಪ್ಪತ್ತೇಳು — ದೇವರು ಇವತ್ತು ಖಂಡಿತ ಎದುರು ತಂಡದ ಜೆರ್ಸಿ ಹಾಕಿಕೊಂಡಿದ್ದ, ಎಂದುಕೊಂಡು ಲೋರ್ನಾ ಹ್ಯಾಸ್ಕೆಟ್ ಒಬ್ಬಳೇ ನಕ್ಕಳು, ವೈಸ್ ಪ್ರಿನ್ಸಿಪಾಲರು ಹಾಗೆಲ್ಲ ನಗಬಾರದು, ತೊಡೆಯ ಮೇಲೆ ಕಾಗದ, ಕಾಗದದಲ್ಲಿ ಒಂದೇ ಪ್ರಶ್ನೆ: ಪಂದ್ಯ ಮುಗಿದ ಮೇಲೆ ಕೋಚ್ ಟಾಲಿವರ್ ಮಕ್ಕಳ ಕಣ್ಣೆದುರು ಪ್ರಾರ್ಥನೆಗೆ ಮಂಡಿಯೂರಿದರೋ, ಹೌದು, ಇಲ್ಲ, ಎರಡು ಚೌಕ; ಮಂಡಿಯೂರುವವರ ಮೇಲೆ ವರದಿ ಮಂಡಿಸುವ ಕೆಲಸ, ಹೌದಾದರೆ ಕೋಚ್ ಅವರ ಹತ್ತೊಂಬತ್ತು ವರ್ಷದ ನೌಕರಿ ಸೋಮವಾರಕ್ಕೆ ಮುಗಿಯಿತು, ಸರ್ಕಾರಿ ದುಡ್ಡಿನ ಶಾಲೆ ಮೇಡಂ, ಚರ್ಚಲ್ಲ ಇದು, ಎಂದು ಶಾಲಾ ಮಂಡಳಿಯ ವಕೀಲ ಮೂಗಿನಲ್ಲೇ ಹೇಳಿದ್ದ — ಚ್ಚರ್ಚ್ಚಲ್ಲ, ಅವಳು ಅವನಂತೆಯೇ ಹೇಳಿ ನೋಡಿದಳು — ಆದರೆ ಅವನು ಹೇಳಿದ್ದು ಸುಳ್ಳಲ್ಲ, ತಂಡದ ಹುಡುಗ ಎಜ್ರಾನ ತಾಯಿ ಬರೆದಿದ್ದಳಲ್ಲ, ನಾವು ಯಹೂದಿಗಳು, ಮಂಡಿಯೂರದಿದ್ದರೆ ತಂಡದಿಂದ ತೆಗೀತಾರೇನೋ ಅಂತ ನನ್ನ ಮಗ ಹೆದರಿ ಊರ್ತಾನೆ ಅಂತ, ಆ ಕಾಗದ ಓದಿದ ದಿನವೇ ಕೋಚ್ ಆ ತಾಯಿಯ ಮನೆ ಬಾಗಿಲಿಗೆ ಹೋಗಿ ಟೋಪಿ ತೆಗೆದು ನಿಂತರಂತೆ, ಎರಡು ವರ್ಷ ಪಕ್ಕದಲ್ಲೇ ಇದ್ದ ಹುಡುಗನ ಹೆದರಿಕೆ ನಂಗೆ ಕಾಣ್ಲಿಲ್ಲಮ್ಮ, ಕಣ್ಣು ಮುಚ್ಕೊಂಡಿದ್ದೆ — ಪ್ರಾರ್ಥನೆಗೆ ಕಣ್ಣು ಮುಚ್ಚುವವರು ಈ ಟೆಕ್ಸಸ್ಸಿನಲ್ಲಿ ಲಕ್ಷಾಂತರ, ಮುಚ್ಚಿದ್ದೆ ಎಂದು ಒಪ್ಪಿಕೊಂಡವರು ಇವರೊಬ್ಬರೇ, ಅವತ್ತಿನಿಂದ ಒಬ್ಬ ಹುಡುಗನನ್ನೂ ಪ್ರಾರ್ಥನೆಗೆ ಕರೆದಿಲ್ಲ.

ಅಗೋ ಹೊರಟರು, ಮೈದಾನದ ನಟ್ಟನಡುವಿಗೆ, ಒಬ್ಬರೇ, ಇಳಿಬಿಸಿಲಲ್ಲಿ ನೆರಳು ಅವರಿಗಿಂತ ಮುಂದೆ — ಬೇಡಿ ಕೋಚ್, ಬಗ್ಗಬೇಡಿ, ನಿಂತೇ ಬೇಡಿಕೊಳ್ಳಿ, ಅವನಿಗೆ ಕೇಳಿಸುತ್ತೆ, ಅಯ್ಯೋ, ನಾನೇ ಪ್ರಾರ್ಥಿಸುತ್ತಿದ್ದೇನಲ್ಲ, ಮದುವೆಗೂ ಮಣ್ಣಿಗೂ ಬಿಟ್ಟರೆ ಚರ್ಚಿನ ಮೆಟ್ಟಿಲು ಹತ್ತದ ನಾನು — ಬಗ್ಗಿಯೇಬಿಟ್ಟರು, ಒಂದು ಮಂಡಿ, ಹುಡುಗರು ಅವರತ್ತ ದಡಬಡ ಓಡಿದರು, ಕೋಚ್ ತಿರುಗಿಯೂ ನೋಡದೆ ಅಂಗೈ ಎತ್ತಿದರು, ಬಸ್ಸು ಹತ್ರೋ, ಇದು ನಂದು, ಓಡಿದವರೆಲ್ಲ ಬಿಳಿ ಗೆರೆಯ ಹತ್ತಿರ ಗಕ್ಕನೆ ನಿಂತರು, ಎಜ್ರಾನೂ ಇದ್ದಾನೆ, ನಿರಾಳವಾಗಿ ನೀರು ಕುಡಿಯುತ್ತ. ಟಿಕೆಟ್ ಹರಿಯುವ ಮೇವಿಸ್ ಪಕ್ಕಕ್ಕೆ ಬಂದು ಮೊಣಕೈಯಿಂದ ತಿವಿದಳು, ಶೂ ಲೇಸು ಕಟ್ಕೊಳ್ತಿದ್ರು ಅಂತ ಬರಿಯೇ, ಯಾರಪ್ಪನ ಗಂಟು ಹೋಗುತ್ತೆ, ಗಂಟೇನೋ ಸರಿ, ಲೇಸು ಕಟ್ಟಿದ್ದೋ ಲೇಸು ಬೇಡಿದ್ದೋ ಇಷ್ಟು ದೂರದಿಂದ ಯಾರಿಗೆ ಗೊತ್ತು, ಇಲ್ಲ ಎಂಬ ಚೌಕ ಎಷ್ಟು ಹತ್ತಿರದಲ್ಲಿದೆ, ಪೆನ್ನು ಇಳಿಸಬೇಕು, ಅಷ್ಟರಲ್ಲಿ ಕೋಚ್ ಅವರೇ ಗ್ಯಾಲರಿಯ ಕಂಬಿಗೆ ಒರಗಿ ನಿಂತಿದ್ದಾರೆ, ಮೇವಿಸ್, ನಿನ್ನ ದನಿ ಊರಿಗೆಲ್ಲ ಕೇಳುತ್ತೆ, ನೋಡಿಲ್ಲಿ, ನನ್ನ ಬೂಟಿಗೆ ಲೇಸೇ ಇಲ್ಲ! ಹೌದು ಅಂತ್ಲೇ ಬರಿ ಲೋರ್ನಾ, ಫೌಲ್ ಮಾಡಿದ್ರೆ ಕೈ ಎತ್ತಿ ಒಪ್ಕೋ ಅಂತ ಹುಡುಗರಿಗೆ ಹೇಳೋನು ನಾನು, ಎಂದು ನಕ್ಕು ಬಸ್ಸಿನತ್ತ ನಡೆದರು, ಖಾಕಿ ಪ್ಯಾಂಟಿನ ಮಂಡಿಯಲ್ಲಿ ಹುಲ್ಲಿನ ಹಸಿರು ಕಲೆ, ಅವಳು ಹೌದು ಎಂದು ಗುರುತು ಹಾಕಿದಳು, ಎತ್ತಿದ ಆ ಅಂಗೈಗೆ ಈ ಕಾಗದದಲ್ಲಿ ಚೌಕವೇ ಇಲ್ಲ, ಅಂಚಿನಲ್ಲಿ ಬರೆದಳು, ಹುಡುಗರನ್ನು ತಡೆದರು, ಒಬ್ಬರೇ ಇದ್ದರು, ನಾನು ಕಣ್ಣಾರೆ ಕಂಡೆ, ಇನ್ನೂ ಬರೆಯಬೇಕು, ಏನು ಬರೆಯಲಿ, ಹಸಿರು ಕಲೆ, ಸೋಮವಾರ ವಕೀಲನಿಗೆ ಏನು ಹೇಳಲಿ, ಹಸಿರು ಕಲೆ, ಒಂದೇ ಮಂಡಿಯ ಮೇಲೆ, ಒದ್ದೆ, ಅಂಗೈಯಗಲ, ಹಸಿರು —