ಕೈ ಬದಲಿಸುವ ಮಾತು

ಹನುಮಸಾಗರದ ಆಚೆ ಒಂದು ಊರು. ಅಲ್ಲಿನ ಆರೋಗ್ಯ ಉಪಕೇಂದ್ರದ ಪಡಸಾಲೆಯಲ್ಲಿ, ಚಾಪೆಯ ಮೇಲೆ, ಸೊಂಟದವರೆಗಷ್ಟೇ ಇದ್ದ ಒಂದು ಗೊಂಬೆ ಮಲಗಿತ್ತು. ಕೊಪ್ಪಳದಲ್ಲಿ ನರ್ಸಿಂಗ್ ಓದುತ್ತಿದ್ದ ಅತೀಯಾ ಅದನ್ನು ಬಸ್ಸಿನಲ್ಲಿ ತಂದಿದ್ದಳು. ಉಸಿರು ನಿಂತವರಿಗೆ ಆಸ್ಪತ್ರೆ ಮುಟ್ಟುವ ಮೊದಲು ಏನು ಮಾಡಬೇಕೆಂದು ಆ ಗೊಂಬೆಯ ಮೇಲೆ ಹಳ್ಳಿಯ ಹೆಂಗಸರಿಗೆ ಕಲಿಸುವುದು, ಹುಟ್ಟುವ ಕೂಸನ್ನೂ ಕಾಯುವ ಧನುರ್ವಾಯುವಿನ ಚುಚ್ಚುಮದ್ದು ಬಸುರಿಯರಿಗೆ ಏಕೆ ತಪ್ಪಿಹೋಗುತ್ತದೆಂದು ತಿಳಿಯುವುದು, ಇವೆರಡೂ ಅವಳ ಸಂಶೋಧನೆಯ ಕೆಲಸ. ಅಂದು ಲಸಿಕೆಯ ಗುರುವಾರವಾದ್ದರಿಂದ ಹೆಂಗಸರೆಲ್ಲ ಸೇರಿದ್ದರು.

"ಯಾರ ಮನಿ ಮಗಳವ್ವಾ ಇಕಿ? ಕಾಲು ಎಲ್ಲಿ ಬಿಟ್ಟಬಂದಾಳ?" ಎಂದಳು ಗೊಂಬೆಯನ್ನು ನೋಡುತ್ತ, ಸೊಸೆಯ ಜೊತೆ ಬಂದಿದ್ದ ಕಸ್ತೂರೆಮ್ಮ.

"ಅರ್ಧಾ ಟಿಕೀಟಿನ್ಯಾಗ ಕರ್ಕೊಂಡು ಬಂದೀನ್ರಿ ಅಮ್ಮಾರ, ಕಾಲು ಹತ್ತಿಸಿಕೊಳ್ಳಲಿಲ್ಲ," ಎಂದಳು ಅತೀಯಾ.

ಎಲ್ಲರೂ ನಕ್ಕರು. ನಗುತ್ತಲೇ ಕಸ್ತೂರೆಮ್ಮ ತನ್ನ ಹೆಗಲ ಮೇಲಿನ ವಸ್ತ್ರ ತೆಗೆದು ಗೊಂಬೆಯ ಬರಿಯ ಎದೆಗೆ ಹೊದಿಸಿದಳು.

ಅವಳ ಸೊಸೆ ಶರಣಬಸಮ್ಮ ಗೋಡೆಗೆ ಒರಗಿ ಕೂತಿದ್ದಳು. ಎಂಟು ತಿಂಗಳ ಬಸುರಿ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ಅವಳ ಹಸಿರು ಬಳೆಗಳನ್ನು ಮುಟ್ಟಿ, ನೆಲದ ಮೇಲೆ ಹಸಿರು ನೀರಿನಂತೆ ಅಲುಗುತ್ತಿತ್ತು. ಆ ನೀರಿನಲ್ಲಿ ತಾನೂ ತೇಲುತ್ತಿರುವಂತೆ ಅವಳಿಗೆ ಅನಿಸುತ್ತಿತ್ತು. ಹೊರಗೆ ಅವಳ ತವರೂರು ಸಾಣಾಪುರದಿಂದ ಬಂದ ಬಾಡಿಗೆ ಗಾಡಿ ನಿಂತಿತ್ತು. ತಾಯಿ ಫಕೀರಮ್ಮ ಅವಳನ್ನು ಹೆರಿಗೆಗೆ ಕರೆದೊಯ್ಯಲು ಬಂದು, ಹೆಂಗಸರ ನಡುವೆ ಕೂತಿದ್ದಳು.

ಶರಣಬಸಮ್ಮನ ಬೆನ್ನಿಗೆ ಹುಟ್ಟಿದ್ದ ತಮ್ಮ ಧನುರ್ವಾಯುವಿನಿಂದ ಬಾಯಿ ಬಿಗಿದು, ಹಾಲು ಕುಡಿಯಲಾಗದೆ ತೀರಿಕೊಂಡಿದ್ದ. ಅವನ ಮುಖ ಅವಳಿಗೆ ನೆನಪಿಲ್ಲ. ಆದರೂ ಕಣ್ಣು ಮುಚ್ಚಿದರೆ ಬಿಗಿದ ಪುಟ್ಟ ತುಟಿಗಳು ಕಾಣುತ್ತಿದ್ದವು. ಚುಚ್ಚುಮದ್ದಿನ ಎರಡನೇ ಸೂಜಿ ಅವಳಿಗೆ ಇನ್ನೂ ಆಗಿರಲಿಲ್ಲ. ಅದರ ದಿನ ಬಂದಾಗ, ಬಸುರಿಗೆ ಮಾಡುವ ಕುಬಸದ ಶಾಸ್ತ್ರ ಮುಗಿಸಿಕೊಂಡು ಅವಳು ಕೆಲ ದಿನ ತವರಿನಲ್ಲಿದ್ದಳು. ಅಲ್ಲಿ ಆಗಿರುತ್ತದೆಂದು ಗಂಡನ ಮನೆಯವರು ತಿಳಿದರು. ಗಂಡನ ಮನೆಯಲ್ಲೇ ಮುಗಿದಿರುತ್ತದೆಂದು ತವರಿನವರು ತಿಳಿದರು. ಅಲ್ಲಿ ಹೇಳಿದರೆ ಅತ್ತೆಯ ಮೇಲೆ ದೂರು, ಇಲ್ಲಿ ಹೇಳಿದರೆ ತಾಯಿಯ ಮೇಲೆ ದೂರು. ಅವಳು ಸುಮ್ಮನಿದ್ದಳು. ಗಾಡಿ ಹೊರಟರೆ ಆ ಸೂಜಿಯ ಮಾತನ್ನು ಇನ್ನು ಯಾರೂ ಎತ್ತುವಂತಿರಲಿಲ್ಲ.

"ಬೀಗರಿಬ್ರೂ ಬರ್ರಿ," ಎಂದು ಅತೀಯಾ ಕರೆದಳು. "ಒಬ್ರು ಎದಿ ಒತ್ರಿ. ದಣಿದ್ರ ಇನ್ನೊಬ್ರು ಹಿಡೀರಿ."

ಕಸ್ತೂರೆಮ್ಮ ಮೊಳಕಾಲೂರಿ ಒತ್ತತೊಡಗಿದಳು. ಒತ್ತಿದಂತೆಲ್ಲ ಗೊಂಬೆ ಟಿಕ್ ಟಿಕ್ ಎಂದಿತು. ಸ್ವಲ್ಪ ಹೊತ್ತಿಗೆ ಅವಳ ಕೈ ಸೋತಿತು, ಆದರೆ ಬೀಗತಿಗೆ ಕೆಲಸ ಹೇಳುವುದು ಹೇಗೆ? ಅವಳು ಸೋತದ್ದು ಫಕೀರಮ್ಮನಿಗೆ ಕಂಡಿತು, ಆದರೆ ಬೀಗತಿಯ ಕೈ ಸರಿಸುವುದು ಹೇಗೆ?

"ನೀವು ಮಾಡ್ರಲ್ಲಾ," ಎಂದಳು ಕಸ್ತೂರೆಮ್ಮ, ಉಪಚಾರಕ್ಕೆ ಅಂದಂತೆ.

"ಛೇ, ನಿಮ್ಮದು ಮುಗೀಲಿ ತಗೋರಿ," ಎಂದಳು ಕೈ ಚಾಚಿದ್ದ ಫಕೀರಮ್ಮ.

ಇಬ್ಬರೂ ಕೈ ಹಿಂದೆಗೆದರು. ಟಿಕ್ ಟಿಕ್ ನಿಂತಿತು.

"ಯವ್ವಾ, ನಿಮ್ಮಿಬ್ಬರ ಮರ್ಯಾದಿ ನಡುವ ಇಕಿ ಜೀವಾನ ಹೋತಲ್ರಿ!" ಅತೀಯಾ ನಕ್ಕಳು. "ನಂಗ ಸಾಕಾತು ಅಂತ ಬಾಯಿಬಿಟ್ಟು ಹೇಳ್ಬೇಕು. ಇನ್ನೊಬ್ರು ಹಿಡಿಯೂತನಕ ಬಿಡಬಾರ್ದು."

ಹೆಂಗಸರ ನಗು ಶರಣಬಸಮ್ಮನಿಗೆ ದೂರದ ಕೆರೆಯ ಮೇಲಿಂದ ಬಂದಂತೆ ಕೇಳಿಸಿತು. ವಸ್ತ್ರ ಹೊದ್ದು ಅಲುಗದೆ ಮಲಗಿದ್ದ ಗೊಂಬೆಯ ಬಾಯಿ ಮೆಲ್ಲಗೆ ಬಿಗಿದುಕೊಳ್ಳುತ್ತಿರುವಂತೆ ಕಂಡಿತು. ಹೊಟ್ಟೆಯೊಳಗೆ ಕೂಸು ಹೊರಳಿತು.

"ಅತ್ತೀ, ಅವ್ವಾ," ಎಂದಳು. "ನನಗ ಎರಡನೇ ಸೂಜಿ ಆಗಿಲ್ಲ. ಅಲ್ಲೂ ಇಲ್ಲ, ಇಲ್ಲೂ ಇಲ್ಲ."

ಫಕೀರಮ್ಮ ಬೀಗತಿಯ ಕಡೆ ತಿರುಗಿದಳು.

"ನೀವು ಹಾಕಿಸಿರ್ತೀರಿ ಅನ್ಕೊಂಡೆ," ಫಕೀರಮ್ಮ ಮೆಲ್ಲಗೆ ಅಂದಳು. "ಕೇಳಿದ್ರ ಕೊರತಿ ತಗದಂಗ ಆಕ್ಕೈತಿ ಅಂತ ಸುಮ್ನಾದೆ."

"ನಾನೂ ಹಂಗ ಅನ್ಕೊಂಡೆ ನೋಡ್ರಿ. ತವರಿನವರು ಮಾಡೂದನ್ನ ನಾ ಯಾಕ ಕೆದಕ್ಲಿ ಅಂತ." ಕಸ್ತೂರೆಮ್ಮ ಸೊಸೆಯ ಕಡೆ ತಿರುಗಿದಳು. "ನಿನಗರ ಬಾಯಿ ಇರಲಿಲ್ಲೇನ, ಹುಚ್ಚಿ?" ಗದರುತ್ತಲೇ ಅವಳೇ ಎದ್ದು ಸೊಸೆಯ ತೋಳಿನ ಬಿಗಿ ಕುಪ್ಪಸವನ್ನು ನೋಯದಂತೆ ಮೇಲೆ ಸರಿಸಿದಳು.

ಉಪಕೇಂದ್ರದ ಸಿಸ್ಟರ್ ತಂಪುಡಬ್ಬಿಯಿಂದ ಲಸಿಕೆ ತೆಗೆದು ಚುಚ್ಚಿದರು. ಗಾಡಿಯವನು ಹಾರ್ನ್ ಒತ್ತಿದ. "ತಡಿಯೋ ಮಾರಾಯಾ!" ಎಂದು ಬೀಗತಿಯರಿಬ್ಬರೂ ಒಟ್ಟಿಗೆ ಕೂಗಿದರು.

ಸ್ವಲ್ಪ ಹೊತ್ತು ಕೂತು ಹೋಗಬೇಕೆಂದು ಸಿಸ್ಟರ್ ಹೇಳಿದರು. ಶರಣಬಸಮ್ಮನಿಗೆ ಮಂಪರು ಹತ್ತಿತು. ಕಣ್ಣ ಮೇಲೆ ಬಿಸಿಲು ಬೀಳದಂತೆ ಅತೀಯಾ ಕಿಟಕಿಯ ಕದವನ್ನು ಅರ್ಧ ಮುಚ್ಚಿದಳು. ನಿದ್ದೆಯ ಅಂಚಿನಲ್ಲಿ ಎರಡು ದನಿಗಳು ತೇಲಿ ಬರುತ್ತಿದ್ದವು.

"ಹಾಲು ಕುಡೀತಾಳೇನ್ರಿ?" ಇದು ಅವ್ವ.

"ಎಲ್ಲೀದು! ಬೆಕ್ಕಿಗೆ ಹಾಕ್ತಾಳ. ಎದುರಿಗೆ ಕುಂತು ಕುಡಸ್ರಿ."

"ಸಣ್ಣಾಕಿದ್ದಾಗಿಂದ ಹಂಗ. ಕಾಲು ಬಾವು ಬರ್ತಾವೇನು?"

"ಸಂಜೀಕ ಬರ್ತಾವ. ಮತ್ತ ಇನ್ನೊಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ..."

"ಕೇಳ್ರಿ, ಕೇಳ್ರಿ. ನನ್ನೂ ಕೇಳೂವು ಭಾಳ ಅದಾವು."

ಹೊರಗೆ ಗಾಡಿಯವನು ಬೇಸತ್ತು ಬೇವಿನ ನೆರಳಲ್ಲಿ ಅಡ್ಡಾದ.