ಎರಡು ಲಕ್ಷ ಅನ್ನಿಸಿಕೊಂಡ ನಾಣ್ಯ

ಬಸ್ ನಿಲ್ದಾಣದ ಶೌಚಾಲಯದ ಬಾಗಿಲಲ್ಲಿ ಕೂರುವ ಅಕ್ಕನ ಮೇಜಿನ ಮೇಲೆ ದಿನಕ್ಕೆ ಮುನ್ನೂರು ಜನ ನಾಣ್ಯ ಇಟ್ಟು ಹೋಗುತ್ತಾರೆ. ಮುಖ ನೋಡಿ ಮಾತಾಡುವವರು ಯಾರೂ ಇಲ್ಲ. ಗಂಡ ತೀರಿಕೊಂಡ ಮೇಲೆ ಮನೆಯಲ್ಲೂ ಅವಳೊಬ್ಬಳೇ.

ಒಂದು ದಿನ ಆ ರಾಶಿಯಲ್ಲಿ ವಿಚಿತ್ರವಾದ ನಾಣ್ಯ ಸಿಕ್ಕಿತು. ಅಂಕಿ ಹರಡಿಕೊಂಡಿತ್ತು, ಒಂದು ಅಂಚು ತೆಳ್ಳಗಾಗಿತ್ತು. ತಪ್ಪಾಗಿ ಅಚ್ಚಾದ ನಾಣ್ಯಕ್ಕೆ ಲಕ್ಷಗಟ್ಟಲೆ ಸಿಗುತ್ತದೆಂದು ಫೋನಿನಲ್ಲಿ ವಿಡಿಯೋ ನೋಡಿದ್ದಳಲ್ಲ, ಸೋಪಿನ ಪುಡಿ ಹಾಕಿ ಫಳಫಳ ಉಜ್ಜಿ, ಫೋಟೊ ತೆಗೆದು ಆ ವಿಡಿಯೋದಲ್ಲಿದ್ದ ನಂಬರಿಗೆ ಕಳಿಸಿದಳು.

ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಆ ನಂಬರಿನವನ ಫೋನು ಬಂತು. "ಅಕ್ಕಾ, ಎರಡು ಲಕ್ಷ ಬಾಳುತ್ತೆ ಇದು! ಊಟ ಆಯ್ತಾ?"

ಆಮೇಲೆ ದಿನಾ ಅದೇ ಹೊತ್ತಿಗೆ ಫೋನು. ಮಂಡಿನೋವು ಹೇಗಿದೆ ಅಂತಲೂ ಕೇಳುತ್ತಿದ್ದ. ಅಕ್ಕ ಹನ್ನೆರಡೂವರೆಗೇ ಬುತ್ತಿ ಮುಗಿಸಿ ಕಾಯುತ್ತಿದ್ದಳು. ಎಂಟನೇ ದಿನ ಅವನೆಂದ, "ನೋಂದಣಿಗೆ ನಾಲ್ಕು ಸಾವಿರ ಕಳಿಸಿಬಿಡಿ. ನಾನೇ ಬಂದು ನಾಣ್ಯ ತಗೊಳ್ತೀನಿ."

ಹಲ್ಲು ಕಟ್ಟಿಸಲು ಕೂಡಿಟ್ಟ ದುಡ್ಡಿತ್ತು. ಫೋನಿನಲ್ಲಿ ಕಳಿಸುವುದು ಗೊತ್ತಿರಲಿಲ್ಲ. ಎದುರಿನ ವಾಚ್ ರಿಪೇರಿಯಣ್ಣನ ಹತ್ತಿರ ಹೋದಳು. ಒಂಬತ್ತು ವರ್ಷದಲ್ಲಿ ಅವರಿಬ್ಬರ ನಡುವೆ ಚಿಲ್ಲರೆ ಬಿಟ್ಟು ಬೇರೆ ಮಾತಿರಲಿಲ್ಲ.

ಅವರು ನಾಣ್ಯವನ್ನು ಭೂತಗನ್ನಡಿಯಡಿ ಹಿಡಿದರು. "ನೀವೇ ನೋಡಿ ಅಕ್ಕಾ. ಅಕ್ಷರದ ಮೇಲೇ ಗೀರು ಹಾದಿದೆ. ಅಂಚು ಜಜ್ಜಿದೆ. ಟಂಕಸಾಲೆಯಿಂದ ಹೊರಗೆ ಬಂದ್ಮೇಲೆ ಯಾವ್ದೋ ಬಸ್ಸಿನ ಚಕ್ರ ಹತ್ತಿದೆ. ಇದು ತಪ್ಪು ಅಚ್ಚಲ್ಲ, ಪೆಟ್ಟು."

ಡ್ರಾಯರಿನಿಂದ ತಮ್ಮದೊಂದು ನಾಣ್ಯ ತೆಗೆದರು. ಚಿತ್ರ ಒಂದು ಕಡೆಗೆ ಸರಿದಿತ್ತು.

"ಇದು ಅಚ್ಚು ಹಾಕೋವಾಗ್ಲೇ ಆಗಿದ್ದು. ಖಾಲಿ ಉಳಿದ ಜಾಗ ನೋಡಿ, ಎಷ್ಟು ನುಣುಪಾಗಿದೆ! ಇದಕ್ಕೂ ಸಂಗ್ರಹ ಮಾಡೋರು ಕೊಡ್ತೀವಿ ಅಂದಿದ್ದು ಕೆಲವು ನೂರು ಅಷ್ಟೇ. ಇದನ್ನ ಉಜ್ಜಿದ್ರೆ ಅದೂ ಇಲ್ಲ."

"ಅವನು ಮೋಸ ಮಾಡಲ್ಲಣ್ಣಾ. ದಿನಾ ಮಾತಾಡಿಸ್ತಾನೆ."

"ಕೊಳ್ಳೋನು ದುಡ್ಡು ಕೊಡ್ಬೇಕು, ಕೇಳ್ಬಾರ್ದು."

"ಬೇರೆ ಯಾರು ನನ್ನ ಮಾತಾಡಿಸ್ತಾರೆ, ಹೇಳಿ?"

ಅಣ್ಣ ಭೂತಗನ್ನಡಿ ಕೆಳಗಿಟ್ಟರು. ಅವಳ ನಾಣ್ಯವನ್ನು ಅವಳ ಕೈಗೇ ಕೊಟ್ಟರು.

ಮರುದಿನ ಒಂದು ಗಂಟೆಗೆ ಫೋನು ಬಂತು. ಅಕ್ಕ ಎತ್ತಿಕೊಂಡಳು. "ನಾಣ್ಯ ನೋಡಿ ದುಡ್ಡು ಕೊಡಪ್ಪಾ. ನಾನು ಒಂದು ಕಾಸೂ ಕಳಿಸಲ್ಲ."

ಅವನು ಫೋನಿಟ್ಟ. ಮತ್ತೆ ಮಾಡಲಿಲ್ಲ. ಎಷ್ಟೋ ದಿನ ಆ ಹೊತ್ತಿಗೆ ಅಕ್ಕನ ಕೈ ತಾನಾಗಿ ಫೋನಿನತ್ತ ಹೋಗುತ್ತಿತ್ತು.

ಮುಂದಿನ ತಿಂಗಳು ಹಲ್ಲು ಕಟ್ಟಿಸಿಕೊಂಡಳು. ಮನೆಯಲ್ಲಿ ತೋರಿಸಲು ಯಾರೂ ಇರಲಿಲ್ಲ. ರಸ್ತೆ ದಾಟಿ ವಾಚಿನ ಅಂಗಡಿಗೆ ಹೋದಳು.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ವಿಚಿತ್ರ ನಾಣ್ಯ ಸಿಕ್ಕರೆ ಉಜ್ಜಬೇಡಿ. ತಿಳಿದವರಿಗೆ ಎದುರಿಗೇ ತೋರಿಸಿ. ಮಾರಲು ಹೋದ ನಿಮ್ಮಿಂದಲೇ ದುಡ್ಡು ಕೇಳಿದರೆ ಅದು ಮೋಸ, ಕಳಿಸಬೇಡಿ. ನಿಮ್ಮ ಬೀದಿಯಲ್ಲೂ ಒಬ್ಬರೇ ಕೂತಿರುವವರು ಇದ್ದಾರು. ಮೋಸಗಾರನಿಗಿಂತ ಮೊದಲು ನೀವು ಅವರನ್ನು ಮಾತಾಡಿಸಿ.